ಅರ್ಲಿ ಕ್ರಾಸ್ ಮತ್ತು ಸ್ಟ್ರೈಕರ್‌ನ ಓಟ: ಎರಡನ್ನೂ ಕೂಡಿಸುವ ಸಮಗ್ರ ಮಾರ್ಗದರ್ಶಿ

ಕಾರವಾರ, ಅಂಕೋಲಾ, ಶಿರಸಿ ಕಡೆಯ ಹುಡುಗರ ಫುಟ್‌ಬಾಲ್ ಪಂದ್ಯ ನೋಡಿದವರಿಗೆಲ್ಲ ಗೊತ್ತಿರುವ ದೃಶ್ಯ ಇದು. ವಿಂಗರ್ ಸೈಡ್ ಲೈನ್ ಹಿಡಿದು ಓಡುತ್ತಾನೆ. ಕ್ರಾಸ್, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು, ಹಾಕಲು ಜಾಗ ಸಿಗುತ್ತದೆ, ಹಾಕುವುದಿಲ್ಲ. ಇನ್ನೊಬ್ಬನನ್ನು ದಾಟೋಣ ಎಂದು ಕಾರ್ನರ್ ಬಾವುಟದ ತನಕ ಹೋಗುತ್ತಾನೆ. ಇತ್ತ ಸ್ಟ್ರೈಕರ್ ಆಗಲೇ ಓಡಿ ಗೋಲಿನ ಬಾಯಿಗೆ ಬಂದಾಗಿದೆ. ಮುಂದೆ ಹೋಗಲು ಜಾಗವಿಲ್ಲ, ಹಿಂದೆ ಬರಲು ಮನಸ್ಸಿಲ್ಲ. ಎರಡು ಸ್ಟಾಪರ್‌ಗಳ (ಗೋಲಿನ ಎದುರು ಕಾಯುವ ಡಿಫೆಂಡರ್‌ಗಳು) ನಡುವೆ ನಿಂತು ಕತ್ತು ತಿರುಗಿಸಿ ಕಾಯುತ್ತಾನೆ. ಕೊನೆಗೆ ಬಂದ ಚೆಂಡು ಗೋಲಿಯ (ಗೋಲ್‌ಕೀಪರ್‌ನ) ಕೈಗೆ. ಹೊರಗೆ ನಿಂತವರು ಬೈಯುವುದು ಸ್ಟ್ರೈಕರ್‌ಗೆ: “ಏ, ಓಡೋ ಮಾರಾಯಾ!”

ಅವನು ಓಡಿದ್ದಾನೆ. ಓಡಿದ ಹೊತ್ತಿಗೆ ಚೆಂಡು ಬರಲಿಲ್ಲ, ಅಷ್ಟೇ. ಡಿಫೆನ್ಸ್ ಇನ್ನೂ ಹಿಂದಕ್ಕೆ ಓಡುತ್ತಿರುವಾಗಲೇ, ಗೋಲ್ ಲೈನಿನ ತನಕ ಹೋಗದೆ, ದೂರದಿಂದ ಹಾಕುವ ಚೆಂಡಿಗೆ ಅರ್ಲಿ ಕ್ರಾಸ್ ಎನ್ನುತ್ತೇವೆ. ಸ್ಟ್ರೈಕರ್‌ನ ಓಟ ಯಾವಾಗ ಶುರುವಾಗಬೇಕು, ಎಷ್ಟು ದೂರ ಇರಬೇಕು, ಎತ್ತ ಬಾಗಬೇಕು ಎಂಬುದೆಲ್ಲ ಆ ಕ್ರಾಸಿನ ಮೇಲೆ ನಿಂತಿದೆ. ಹಾಗಾಗಿ ಕಲಿಸುವ ಕ್ರಮವೂ ಅದೇ ಆಗಬೇಕು: ಮೊದಲು ಕ್ರಾಸ್ ಹಾಕುವವ, ಆಮೇಲೆ ಸ್ಟ್ರೈಕರ್, ಆಮೇಲೆ ಇಬ್ಬರೂ ಒಟ್ಟಿಗೆ. ಹೆಚ್ಚಿನ ಮೈದಾನಗಳಲ್ಲಿ ಇದು ತಲೆಕೆಳಗಾಗಿದೆ. ಸ್ಟ್ರೈಕರ್‌ಗೆ ತಿಂಗಳುಗಟ್ಟಲೆ ಓಟ ಕಲಿಸುತ್ತಾರೆ, ವಿಂಗರ್‌ಗೆ “ಒಳ್ಳೇ ಕ್ರಾಸ್ ಹಾಕು” ಎಂದಷ್ಟೇ ಹೇಳಿ ಬಿಡುತ್ತಾರೆ.

## ಹಂತ 1: ಸಾಮಾನು, ನೆಲ, ಗಾಳಿ

ಚೆಂಡು ಕಡಿಮೆ ಎಂದರೂ ಆರು ಬೇಕು. ಒಂದೇ ಚೆಂಡಿದ್ದರೆ ಪ್ರತಿ ಕ್ರಾಸ್ ಆದ ಮೇಲೆ ಯಾರೋ ಪೊದೆಯಲ್ಲಿ ಹುಡುಕುತ್ತಿರುತ್ತಾರೆ. ಕಾಲಿಗೆ ಲಯ ಕೂರುವುದೇ ಇಲ್ಲ. ಐದನೇ ಸೈಜಿನ ಚೆಂಡಿಗೆ ನಿಯಮದ ಪ್ರಕಾರ ತೂಕ 410ರಿಂದ 450 ಗ್ರಾಂ, ಸುತ್ತಳತೆ 68ರಿಂದ 70 ಸೆಂಟಿಮೀಟರ್. ಗಾಳಿ ಕಲ್ಲಿನ ಹಾಗೆ ತುಂಬಬೇಡಿ. ಹೆಡ್ ಹೊಡೆಯುವ ತಾಲೀಮಿಗೆ ಹೆಬ್ಬೆರಳು ಒತ್ತಿದರೆ ತುಸು ತಗ್ಗುವಷ್ಟಿರಲಿ.

ಇದರ ಜೊತೆ ಎಂಟು ಹತ್ತು ಕೋನ್, ಎರಡು ಬಣ್ಣದ ಬಿಬ್, ಉದ್ದದ ಅಳತೆ ಟೇಪ್, ಗುರುತು ಹಾಕಲು ಸುಣ್ಣದ ಪುಡಿ. ಕೋನ್ ಇಲ್ಲದಿದ್ದರೆ ಚಪ್ಪಲಿ ಇಟ್ಟರೂ ನಡೆಯುತ್ತದೆ. ಟೇಪ್ ಮಾತ್ರ ಬಿಡಬೇಡಿ, ಹೆಜ್ಜೆ ಎಣಿಸಿ ಹಾಕಿದ ಗುರುತು ಒಬ್ಬೊಬ್ಬರ ಕಾಲಿಗೆ ಒಂದೊಂದು ಅಳತೆಯಾಗುತ್ತದೆ. ವಿಡಿಯೊ ತೆಗೆಯಲು ಒಂದು ಮೊಬೈಲ್ ಬೇಕು, ಅದನ್ನು ಹಿಡಿಯಲು ಆಡದ ಒಬ್ಬ ಹುಡುಗ ಬೇಕು.

ಇನ್ನು ಗಾಳಿ. ಕರಾವಳಿಯಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯದೆ ಕ್ರಾಸ್ ಕಲಿಸುವುದು ಸಾಧ್ಯವೇ ಇಲ್ಲ. ಬೆಳಿಗ್ಗೆ ಗಾಳಿ ಇರುವುದಿಲ್ಲ, ಇದ್ದರೂ ನೆಲದ ಕಡೆಯಿಂದ ಕಡಲಿಗೆ ಮೆಲ್ಲಗೆ ಹೋಗುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ಕಡಲಗಾಳಿ ಪಡುವಣದಿಂದ ಬೀಸಲು ಶುರು. ಸಂಜೆ ನಾಲ್ಕರ ಪಂದ್ಯಕ್ಕೆ ಜೋರಾಗಿಯೇ ಇರುತ್ತದೆ. ನಮ್ಮ ಹುಡುಗರು ತಾಲೀಮು ಮಾಡುವುದು ಬೆಳಿಗ್ಗೆ ಆರಕ್ಕೆ, ಪಂದ್ಯ ಆಡುವುದು ಸಂಜೆ. ಬೆಳಿಗ್ಗೆ ಸರಿಯಾಗಿ ಬಿದ್ದ ಚೆಂಡು ಸಂಜೆ ಯಾಕೆ ಎಲ್ಲೆಲ್ಲೋ ಹೋಗುತ್ತದೆ ಎಂದು ತಲೆ ಕೆರೆದುಕೊಳ್ಳುವವರು ಇದನ್ನೊಮ್ಮೆ ಯೋಚಿಸಬೇಕು. ವಾರಕ್ಕೊಮ್ಮೆಯಾದರೂ ಕ್ರಾಸಿನ ತಾಲೀಮನ್ನು ಪಂದ್ಯದ ಹೊತ್ತಿಗೇ ಇಟ್ಟುಕೊಳ್ಳಿ.

ನೆಲದ ಗುಣವನ್ನೂ ನೋಡಿ. ಮಳೆ ಬಿಟ್ಟು ಕೆಲವು ತಿಂಗಳಾದ ಮೇಲೆ ಕರಾವಳಿಯ ಕೆಂಪು ಮಣ್ಣಿನ ಮೈದಾನ ಗಟ್ಟಿಯಾಗಿ, ನೆಲಕ್ಕೆ ಬಡಿದ ಕ್ರಾಸ್ ಸ್ಟ್ರೈಕರ್‌ನ ತಲೆ ಮೇಲಿಂದ ಹಾರಿ ಹೋಗುತ್ತದೆ. ಘಟ್ಟದ ಮೇಲೆ ಶಿರಸಿ ಕಡೆ ಮಳೆಗಾಲದಲ್ಲಿ ನೀರು ನಿಂತ ಹುಲ್ಲಿಗೆ ಬಿದ್ದರೆ ಚೆಂಡು ಅಲ್ಲೇ ಕೂತುಬಿಡುತ್ತದೆ. ಎರಡಕ್ಕೂ ಉತ್ತರ ಒಂದೇ: ಚೆಂಡು ನೆಲ ಮುಟ್ಟುವ ಮೊದಲೇ ಸ್ಟ್ರೈಕರ್‌ಗೆ ಸಿಗಬೇಕು.

ಕಡಲ ದಂಡೆಯಲ್ಲಿ ತಾಲೀಮು ಮಾಡುವವರಿಗೆ ಒಂದು ಎಚ್ಚರಿಕೆ. ಒಣ ಮರಳಿನಲ್ಲಿ ಕ್ರಾಸ್ ಹಾಕುವುದನ್ನು ಕಲಿಯಬೇಡಿ. ಊರುಗಾಲು (ಹೊಡೆಯುವಾಗ ನೆಲಕ್ಕೆ ಊರುವ ಕಾಲು) ಹೂತುಹೋಗುತ್ತದೆ, ಅದನ್ನು ಸರಿದೂಗಿಸಲು ಮೈ ಹಿಂದಕ್ಕೆ ವಾಲುತ್ತದೆ, ಆ ಚಾಳಿ ಮೈದಾನಕ್ಕೂ ಬರುತ್ತದೆ. ಇಳಿತದ ಹೊತ್ತಿನಲ್ಲಿ ತೆರೆದುಕೊಳ್ಳುವ ಗಟ್ಟಿ ಒದ್ದೆ ಮರಳು ಓಟದ ತಿರುವು ಅಭ್ಯಾಸಕ್ಕೆ ಸಾಕು.

## ಹಂತ 2: ಮೈದಾನದಲ್ಲಿ ಮೂರು ಗುರುತು

ಚೆಂಡು ಮುಟ್ಟುವ ಮೊದಲು ಸುಣ್ಣದಲ್ಲಿ ಮೂರು ಗುರುತು ಹಾಕಿ.

1. ಕ್ರಾಸ್ ಹೊರಡುವ ಜಾಗ. ಗೋಲ್ ಲೈನಿನಿಂದ 20ರಿಂದ 30 ಮೀಟರ್ ದೂರದಲ್ಲಿ, ಸೈಡ್ ಲೈನಿನಿಂದ ಐದಾರು ಮೀಟರ್ ಒಳಗೆ ಒಂದು ಚೌಕ. ಅಂದರೆ ಪೆನಾಲ್ಟಿ ಬಾಕ್ಸಿನ ಗೆರೆಗಿಂತ ಹಿಂದೆಯೇ.

2. ಚೆಂಡು ಬೀಳುವ ಪಟ್ಟಿ. ಗೋಲ್ ಏರಿಯಾದ ಗೆರೆ ಗೋಲಿನಿಂದ 5.5 ಮೀಟರ್‌ಗೆ, ಪೆನಾಲ್ಟಿ ಗುರುತು 11 ಮೀಟರ್‌ಗೆ ಇರುತ್ತದೆ. ಇವೆರಡರ ನಡುವಿನ ಜಾಗ, ಎರಡೂ ಗೋಲ್ ಪೋಸ್ಟ್‌ಗಳ ಅಗಲಕ್ಕಿಂತ ಸ್ವಲ್ಪ ಹೆಚ್ಚು. ಗೋಲಿ ಮುಂದೆ ಬರಲು ಹಿಂದೇಟು ಹಾಕುವ, ಸ್ಟಾಪರ್ ತನ್ನದೇ ಗೋಲಿನ ಕಡೆ ಮುಖ ಮಾಡಿ ಓಡುತ್ತ ತೆಗೆಯಬೇಕಾದ ಜಾಗ ಇದು.

3. ಡಿಫೆನ್ಸಿನ ಗೆರೆ. ಗೋಲಿನಿಂದ 20 ಮೀಟರ್‌ಗೆ ಅಡ್ಡಲಾಗಿ ನಾಲ್ಕು ಕೋನ್. ಕ್ರಾಸ್ ಹೊರಡುವಾಗ ಎದುರಾಳಿಗಳು ಸುಮಾರಾಗಿ ಇಲ್ಲಿರುತ್ತಾರೆ.

ಈ ಅಳತೆ ಯಾಕೆ ಎಂಬುದನ್ನು ಹುಡುಗರಿಗೆ ಲೆಕ್ಕ ಹಾಕಿಯೇ ತೋರಿಸಿ, ನೆನಪಿನಲ್ಲಿ ಉಳಿಯುತ್ತದೆ. ಚೆನ್ನಾಗಿ ಹೊಡೆದ ಕ್ರಾಸ್ ಸೆಕೆಂಡಿಗೆ 18–20 ಮೀಟರ್ ವೇಗದಲ್ಲಿ ಹೋಗುತ್ತದೆ ಎಂದಿಟ್ಟುಕೊಳ್ಳಿ. 30–35 ಮೀಟರ್ ದೂರ ಸಾಗಲು ಅದಕ್ಕೆ ಒಂದೂವರೆಯಿಂದ ಎರಡು ಸೆಕೆಂಡು ಬೇಕು. ಅಷ್ಟರಲ್ಲಿ ಓಟ ಹಿಡಿದ ಸ್ಟ್ರೈಕರ್ ಹತ್ತು, ಹನ್ನೊಂದು ಮೀಟರ್ ಓಡಬಲ್ಲ. ಚೆಂಡು ಸಿಗಬೇಕಾದ್ದು ಗೋಲಿನಿಂದ ಎಂಟೊಂಬತ್ತು ಮೀಟರ್‌ಗೆ. ಹಿಂದಕ್ಕೆ ಎಣಿಸಿದರೆ ಸ್ಟ್ರೈಕರ್ ಹೊರಡಬೇಕಾದ ಜಾಗ ಹೆಚ್ಚುಕಡಿಮೆ 20 ಮೀಟರ್‌ನ ಗೆರೆ. ಅಲ್ಲೇ ಡಿಫೆನ್ಸೂ ನಿಂತಿರುತ್ತದೆ, ಆಫ್‌ಸೈಡಿನ ಗೆರೆಯೂ (ಚೆಂಡು ಹೊಡೆಯುವ ಕ್ಷಣಕ್ಕೆ ಸ್ಟ್ರೈಕರ್ ದಾಟಿರಬಾರದ ಗೆರೆ) ಅದೇ. ಅರ್ಲಿ ಕ್ರಾಸ್ ನಡೆಯುವುದು ಈ ಕಾರಣಕ್ಕೆ. ಅದೇ ಕ್ರಾಸನ್ನು ಮೂರು ಸೆಕೆಂಡು ತಡ ಮಾಡಿದರೆ ಡಿಫೆನ್ಸ್ ಆರೇಳು ಮೀಟರ್‌ಗೆ ಇಳಿದಿರುತ್ತದೆ, ಸ್ಟ್ರೈಕರ್‌ಗೆ ಓಡಲು ಉಳಿಯುವುದು ನಾಲ್ಕು ಹೆಜ್ಜೆ.

ನಮ್ಮ ಶಾಲಾ ಮೈದಾನಗಳು ಎಷ್ಟೋ ಕಡೆ ಪೂರ್ಣ ಅಳತೆಯವಲ್ಲ. ಅಲ್ಲಿ ಈ ಸಂಖ್ಯೆಗಳನ್ನು ಹಾಗೇ ಹಿಡಿಯಬೇಡಿ. ಗೋಲಿಗೂ ಡಿಫೆನ್ಸ್ ಗೆರೆಗೂ ನಡುವೆ ಎಷ್ಟು ಜಾಗವಿದೆ ನೋಡಿ, ಅದರ ಮಧ್ಯಭಾಗಕ್ಕೆ ಚೆಂಡು ಬೀಳಲಿ.

## ಹಂತ 3: ಮೊದಲು ಕ್ರಾಸ್ ಸರಿಯಾಗಲಿ

ಈ ಹಂತದಲ್ಲಿ ಸ್ಟ್ರೈಕರ್ ಬೇಡವೇ ಬೇಡ. ವಿಂಗರ್, ಫುಲ್‌ಬ್ಯಾಕ್ (ಬದಿಯ ಡಿಫೆಂಡರ್) ಇಬ್ಬರನ್ನೂ ಕರೆಯಿರಿ. ನಮ್ಮ ಕಡೆ ಫುಲ್‌ಬ್ಯಾಕ್‌ಗಳಿಗೆ ಇದನ್ನು ಕಲಿಸುವುದೇ ಇಲ್ಲ, ಅರ್ಲಿ ಕ್ರಾಸ್ ಹಾಕಲು ಎಲ್ಲರಿಗಿಂತ ಹೆಚ್ಚು ಸಮಯ ಸಿಗುವುದು ಅವರಿಗೆ.

1. ತಲೆ ಮೊದಲು ಎತ್ತಿ. ಚೆಂಡು ಕಾಲಿಗೆ ಬರುವ ಮೊದಲೊಮ್ಮೆ ಬಾಕ್ಸ್ ನೋಡಬೇಕು. ಚೆಂಡು ಕಾಲಿಗೆ ಬಂದ ಮೇಲೆ ನೋಡಲು ಹೊರಟರೆ ಒಂದು ಸೆಕೆಂಡು ಹೋಯಿತು, ಆ ಒಂದು ಸೆಕೆಂಡಿನಲ್ಲೇ ಡಿಫೆನ್ಸ್ ಇಳಿಯುವುದು.

2. ಚೆಂಡನ್ನು ಮುಂದಕ್ಕೆ ತಳ್ಳಿ. ಕೊನೆಯ ಟಚ್ ದೊಡ್ಡದಿರಬೇಕು, ಒಂದು ಒಂದೂವರೆ ಮೀಟರ್ ಮುಂದಕ್ಕೆ, ತುಸು ಒಳಬದಿಗೆ. ಚೆಂಡು ಪಾದದ ಕೆಳಗೇ ಇದ್ದರೆ ಕಾಲು ಬೀಸಲು ಜಾಗ ಸಿಗದೆ ಕ್ರಾಸ್ ಮೊದಲ ಡಿಫೆಂಡರ್‌ಗೇ ಬಡಿಯುತ್ತದೆ. ಈ ದೊಡ್ಡ ಟಚ್ಚಿಗೆ ಇನ್ನೊಂದು ಕೆಲಸವೂ ಇದೆ, ನಾಲ್ಕನೇ ಹಂತದಲ್ಲಿ ಬರುತ್ತದೆ.

3. ಊರುಗಾಲು ಚೆಂಡಿನ ಪಕ್ಕಕ್ಕೆ, ಕೂದಲೆಳೆಯಷ್ಟು ಹಿಂದೆ. ಪಾದದ ಒಳಬದಿಯ ಮೇಲ್ಭಾಗದಿಂದ ಚೆಂಡಿನ ಕೆಳ ಅರ್ಧಕ್ಕೆ ಹೊಡೆಯಿರಿ. ತೀರಾ ಕೆಳಗೆ ಹೊಡೆದರೆ ಚೆಂಡು ಮೇಲೇರಿ ತೇಲುತ್ತದೆ, ತೇಲುವ ಚೆಂಡು ಗೋಲ್‌ಕೀಪರ್‌ಗೆ ಸುಲಭದ ತುತ್ತು. ಡಿಫೆಂಡರ್‌ನ ತಲೆ ದಾಟುವಷ್ಟು ಎತ್ತರ, ಉಳಿದದ್ದೆಲ್ಲ ವೇಗ.

4. ಗುರಿ ಜಾಗಕ್ಕೆ, ಮನುಷ್ಯನಿಗೆ ಬೇಡ. ಎರಡನೇ ಗುರುತಿನ ಪಟ್ಟಿಗೆ ಹಾಕಬೇಕು. ಸ್ಟ್ರೈಕರ್ ನಿಂತ ಜಾಗಕ್ಕೆ ಹಾಕಿದರೆ ಚೆಂಡು ತಲುಪುವಷ್ಟರಲ್ಲಿ ಅವನು ಹತ್ತು ಮೀಟರ್ ಮುಂದಿರುತ್ತಾನೆ.

ಬಲಗಾಲಿನವ ಬಲಗಡೆಯಿಂದ ಹಾಕಿದ ಕ್ರಾಸ್ ಗೋಲಿಯಿಂದ ದೂರಕ್ಕೆ, ಓಡಿ ಬರುವ ಸ್ಟ್ರೈಕರ್‌ನತ್ತ ಬಾಗುತ್ತದೆ. ಹಾಗಾಗಿ ಶುರುವಿನಲ್ಲಿ ಗೋಲಿಯ ಕಡೆಗೇ ಹೋಗುತ್ತಿದೆ ಎನ್ನಿಸುವಷ್ಟು ಒಳಗೆ ಗುರಿ ಇಡಬೇಕು. ಎಡಗಾಲಿನವ ಬಲಗಡೆಯಿಂದ ಹಾಕಿದರೆ ಚೆಂಡು ಗೋಲಿನ ಕಡೆಗೆ ಒಳಬಾಗುತ್ತದೆ. ಅದಕ್ಕೆ ಸ್ಟ್ರೈಕರ್ ಸೆಕೆಂಡ್ ಪೋಸ್ಟಿನತ್ತ (ಕ್ರಾಸ್ ಹಾಕಿದ ಬದಿಯಿಂದ ದೂರದ ಗೋಲ್ ಪೋಸ್ಟ್) ಓಡುವುದು ಒಳ್ಳೆಯದು. ಯಾರೂ ಮುಟ್ಟದಿದ್ದರೂ ಚೆಂಡು ಗೋಲಿಗೇ ನುಗ್ಗುವ ಸಂಭವವಿದೆ.

ಗಾಳಿಯ ಲೆಕ್ಕ ಇಲ್ಲಿ ಸೇರಿಸಿ. ಮೈದಾನದ ಉದ್ದ ಕಡಲ ದಂಡೆಗೆ ಸಮಾನಾಂತರವಾಗಿದ್ದರೆ, ಕಡಲ ಬದಿಯ ವಿಂಗಿನಿಂದ ಹಾಕಿದ ಕ್ರಾಸ್ ಗಾಳಿಯ ಜೊತೆ ಹೋಗಿ ಸೆಕೆಂಡ್ ಪೋಸ್ಟ್ ದಾಟಿಬಿಡುತ್ತದೆ. ಅಲ್ಲಿಂದ ತಗ್ಗಿಸಿ, ಫಸ್ಟ್ ಪೋಸ್ಟಿಗೆ (ಹತ್ತಿರದ ಪೋಸ್ಟ್) ಗುರಿ ಇಟ್ಟು ಹಾಕಬೇಕು. ಊರ ಬದಿಯ ವಿಂಗಿನಿಂದ ಹಾಕಿದ್ದು ಗಾಳಿಗೆ ಎದುರಾಗಿ ತೇಲಿ ಮೊದಲೇ ಬೀಳುತ್ತದೆ. ಅಲ್ಲಿ ಇನ್ನೂ ಗಟ್ಟಿಯಾಗಿ, ಇನ್ನೂ ತಗ್ಗಿನಲ್ಲಿ ಹೊಡೆಯಬೇಕು.

ಹತ್ತು ಕ್ರಾಸಿನಲ್ಲಿ ಆರು ಪಟ್ಟಿಯೊಳಗೆ ಬೀಳುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ. ಈ ಮಾತನ್ನು ತರಬೇತುದಾರರು ಯಾರೂ ಇಷ್ಟಪಡುವುದಿಲ್ಲ. ಆದರೆ ಚೆಂಡು ಒಮ್ಮೆ ಗೋಲಿಯ ಕೈಗೆ, ಒಮ್ಮೆ ಬೇಲಿಗೆ ಹೋಗುತ್ತಿದ್ದರೆ ಸ್ಟ್ರೈಕರ್ ಏನನ್ನು ನಂಬಿ ಓಡಬೇಕು? ಎರಡು ದಿನ ಸುಮ್ಮನೆ ಓಡಿ ಚೆಂಡು ಸಿಗದ ಹುಡುಗ ಮೂರನೇ ದಿನ ನಿಂತು ನೋಡಲು ಕಲಿಯುತ್ತಾನೆ.

## ಹಂತ 4: ಹೊರಡುವ ಗಳಿಗೆ

ಅತಿ ಹೆಚ್ಚು ಮಂದಿ ಸೋಲುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಸ್ಟ್ರೈಕರ್‌ಗಳನ್ನು ಯಾವಾಗ ಓಡುತ್ತೀರಿ ಎಂದು ಕೇಳಿದರೆ “ಅವ ಕ್ರಾಸ್ ಹೊಡೆದ ಕೂಡಲೇ” ಎನ್ನುತ್ತಾರೆ. ಅದು ತಡವಾಯಿತು. ಚೆಂಡು ಗಾಳಿಯಲ್ಲಿರುವಾಗ ಹೊರಟರೆ ನಿಂತಲ್ಲಿಂದ ವೇಗ ಹಿಡಿಯಲೇ ಅರ್ಧ ಸಮಯ ಹೋಗುತ್ತದೆ. ಇನ್ನು ಕೆಲವರು ವಿಂಗರ್‌ಗೆ ಚೆಂಡು ಸಿಕ್ಕಿದ್ದೇ ತಡ ಓಡುತ್ತಾರೆ. ಅದು ತೀರಾ ಬೇಗ. ಆಫ್‌ಸೈಡ್ ಆಗುತ್ತಾರೆ, ಇಲ್ಲವೇ ಗೋಲಿನ ಬಾಯಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಕಡಲಿಗೆ ದೋಣಿ ನೂಕುವವರು ಅಲೆಯ ನಡುವಿನ ಬಿಡುವು ನೋಡಿ ನೂಕುತ್ತಾರಲ್ಲ, ಸ್ಟ್ರೈಕರ್‌ಗೂ ಅಂಥದ್ದೊಂದು ಗುರುತು ಬೇಕು. ಅದೇ ವಿಂಗರ್‌ನ ದೊಡ್ಡ ಟಚ್. ಅವನು ತಲೆ ಎತ್ತಿ, ಚೆಂಡನ್ನು ಮುಂದಕ್ಕೆ ತಳ್ಳಿದನೆಂದರೆ ಮುಂದಿನ ಎರಡು ಹೆಜ್ಜೆಯಲ್ಲಿ ಕ್ರಾಸ್ ಬರುತ್ತದೆ. ಆ ಟಚ್ಚಿನ ಕ್ಷಣಕ್ಕೆ ಸ್ಟ್ರೈಕರ್ ಮೆಲ್ಲಗೆ ಚಲಿಸಲು ಶುರು ಮಾಡಬೇಕು, ಗೋಲಿನ ಕಡೆಗಲ್ಲ, ಡಿಫೆನ್ಸ್ ಗೆರೆಗೆ ಅಡ್ಡಲಾಗಿ. ವಿಂಗರ್‌ನ ಕಾಲು ಚೆಂಡಿಗೆ ತಗುಲುವ ಕ್ಷಣಕ್ಕೆ ಗೋಲಿನತ್ತ ತಿರುಗಿ ಪೂರ್ತಿ ವೇಗ.

ವಿಂಗರ್‌ನ ಮೈಯನ್ನು ಹೀಗೆ ಓದಿ:

1. ತಲೆ ಕೆಳಗೆ, ಸಣ್ಣ ಸಣ್ಣ ಟಚ್. ಕ್ರಾಸ್ ಬರುವುದಿಲ್ಲ. ಗೆರೆಯ ಮೇಲೇ ಇರಿ, ಬೇಕಾದರೆ ಎರಡು ಹೆಜ್ಜೆ ಹಿಂದೆ ಬನ್ನಿ.

2. ತಲೆ ಮೇಲೆ, ದೊಡ್ಡ ಟಚ್. ಹೊರಡುವ ಸಿದ್ಧತೆ.

3. ಗೋಲಿಗೆ ಬೆನ್ನು ಹಾಕಿದ್ದಾನೆ. ಕ್ರಾಸ್ ಮುಗಿದ ಕಥೆ. ಓಟ ನಿಲ್ಲಿಸಿ, ಅವನಿಗೆ ಹತ್ತಿರ ಹೋಗಿ ಪಾಸ್ ಕೇಳಿ.

ಇಬ್ಬರ ನಡುವೆ ಕೂಗು ಬೇಡ. “ಹಾಕೋ, ಹಾಕೋ!” ಎಂದು ಸ್ಟ್ರೈಕರ್ ಕಿರುಚಿದರೆ ಪಕ್ಕದ ಸ್ಟಾಪರ್‌ಗೂ ಕಿವಿ ಇದೆ. ಎಲ್ಲಿಗೆ ಬೇಕೆಂದು ಸೊಂಟದ ಮಟ್ಟದಲ್ಲಿ ಕೈ ಬೆರಳು ತೋರಿಸಿದರೆ ಸಾಕು, ತಲೆ ಎತ್ತಿದ ವಿಂಗರ್‌ಗೆ ಕಾಣುತ್ತದೆ. ತಲೆ ಎತ್ತದವನಿಗೆ ಕೂಗಿದರೂ ಉಪಯೋಗವಿಲ್ಲ.

## ಹಂತ 5: ಸ್ಟಾಪರ್‌ನ ಕಣ್ಣಿಗೆ ಬೀಳದ ಜಾಗ

ಚೆಂಡು ಬಲ ವಿಂಗಿನಲ್ಲಿದೆ ಎಂದುಕೊಳ್ಳಿ. ಸ್ಟಾಪರ್ ಚೆಂಡಿನ ಕಡೆ ಮುಖ ಮಾಡಿರುತ್ತಾನೆ. ಸ್ಟ್ರೈಕರ್ ಆದ ನೀವು ಅವನ ಬೆನ್ನ ಹಿಂದೆ, ಅಂದರೆ ಚೆಂಡಿನಿಂದ ದೂರದ ಭುಜದ ಪಕ್ಕ ನಿಲ್ಲಿ. ನಿಮ್ಮನ್ನು ನೋಡಬೇಕಾದರೆ ಅವನು ಚೆಂಡಿನಿಂದ ಕಣ್ಣು ತೆಗೆಯಬೇಕು, ಚೆಂಡು ನೋಡಬೇಕಾದರೆ ನಿಮ್ಮನ್ನು ಬಿಡಬೇಕು. ಎರಡು ಸ್ಟಾಪರ್‌ಗಳಿದ್ದರೆ ದೂರದವನ ಬೆನ್ನು ಹಿಡಿಯಿರಿ, ಅಲ್ಲಿಂದ ಇಬ್ಬರ ನಡುವಿನ ಸಂದಿಗೂ ಹೋಗಬಹುದು, ಅವನ ಹಿಂದಿನಿಂದಲೂ ಹೋಗಬಹುದು.

ಮೈ ಪೂರ್ತಿ ಚೆಂಡಿನ ಕಡೆ ತಿರುಗಿರಬಾರದು, ಪೂರ್ತಿ ಗೋಲಿನ ಕಡೆಯೂ ಬೇಡ. ಓರೆಯಾಗಿ ನಿಂತರೆ ಒಂದೇ ನೋಟದಲ್ಲಿ ವಿಂಗರ್, ಸ್ಟಾಪರ್, ಗೋಲಿ ಮೂವರೂ ಸಿಗುತ್ತಾರೆ.

ಇನ್ನು ಆಫ್‌ಸೈಡ್. ನೋಡುವುದು ಚೆಂಡಿಗೆ ಕಾಲು ತಗುಲಿದ ಕ್ಷಣವನ್ನು. ಆಗ ಕೊನೆಯಿಂದ ಎರಡನೇ ಎದುರಾಳಿಗೆ ಸಮನಾಗಿದ್ದರೆ ತಪ್ಪಿಲ್ಲ. ತಲೆ, ಮೈ, ಕಾಲು ಲೆಕ್ಕಕ್ಕೆ ಬರುತ್ತವೆ, ಕೈ ತೋಳು ಬರುವುದಿಲ್ಲ. ನೇರವಾಗಿ ಗೋಲಿನತ್ತ ಓಡುವವ ಒಂದು ಹೆಜ್ಜೆ ಮೊದಲು ಹೊರಟರೂ ಸಿಕ್ಕಿಬೀಳುತ್ತಾನೆ. ಗೆರೆಗೆ ಅಡ್ಡಲಾಗಿ ಮೂರು ನಾಲ್ಕು ಹೆಜ್ಜೆ ಹೋಗಿ ಆಮೇಲೆ ಬಾಗುವವನಿಗೆ ಕ್ರಾಸ್ ಅರ್ಧ ಸೆಕೆಂಡು ತಡವಾದರೂ ತೊಂದರೆಯಿಲ್ಲ, ಜೊತೆಗೆ ತಿರುಗುವಾಗ ಆಗಲೇ ವೇಗವೂ ಇರುತ್ತದೆ. ನಮ್ಮ ಹುಡುಗರಿಗೆ ಒಂದೇ ಒಂದು ವಿಷಯ ಕಲಿಸಲು ಸಮಯವಿದ್ದರೆ ಈ ಬಾಗಿದ ಓಟವನ್ನೇ ಕಲಿಸಿ ಎನ್ನುತ್ತೇನೆ.

2014ರ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ ನೆದರ್ಲೆಂಡ್ಸ್‌ನ ರಾಬಿನ್ ವಾನ್ ಪರ್ಸಿ 44ನೇ ನಿಮಿಷದಲ್ಲಿ ಹಾರಿ ಹೆಡ್ ಹೊಡೆದ ಗೋಲಿನ ವಿಡಿಯೊ ಹುಡುಗರಿಗೆ ತೋರಿಸಿ, ಆದರೆ ಹಾರಿದ್ದನ್ನು ಬಿಟ್ಟು ಅದರ ಹಿಂದಿನ ಎರಡು ಸೆಕೆಂಡು ತೋರಿಸಿ. ಡೇಲಿ ಬ್ಲಿಂಡ್ ಎಡಗಡೆ, ಮಧ್ಯಗೆರೆಯ ಹತ್ತಿರದಿಂದಲೇ ಚೆಂಡು ಹಾಕುತ್ತಾನೆ. ಸ್ಟ್ರೈಕರ್ ಡಿಫೆನ್ಸಿನ ಬೆನ್ನಿಗೆ ಓಡುತ್ತಾನೆ. ಬ್ಲಿಂಡ್ ಇನ್ನೂ ಇಪ್ಪತ್ತು ಮೀಟರ್ ಓಡಿ ಹಾಕಿದ್ದರೆ ಆ ಗೋಲಿಗೆ ಜಾಗವೇ ಇರುತ್ತಿರಲಿಲ್ಲ.

## ಹಂತ 6: ಮೂರು ಓಟ, ಆಯ್ಕೆ ಸ್ಟಾಪರ್‌ನದ್ದು

ಫಸ್ಟ್ ಪೋಸ್ಟಿಗೆ ಓಡುವುದು ಮೊದಲನೆಯದು. ಸ್ಟಾಪರ್ ನಿಮ್ಮ ಹಿಂದೆ ಉಳಿದಿದ್ದರೆ, ಅವನ ಎದುರಿನಿಂದ ಅಡ್ಡಹಾಯ್ದು ಹೋಗಿ. ಇಲ್ಲಿ ಜೋರಾಗಿ ಹೊಡೆಯುವ ಅಗತ್ಯವೇ ಇಲ್ಲ, ವೇಗ ಚೆಂಡಿನಲ್ಲೇ ಇದೆ. ಹಣೆಯನ್ನೋ ಪಾದದ ಬದಿಯನ್ನೋ ಅಡ್ಡ ಇಟ್ಟು ದಿಕ್ಕು ತಿರುಗಿಸಿದರೆ ಸಾಕು.

ಎರಡನೆಯದು ಸೆಕೆಂಡ್ ಪೋಸ್ಟಿಗೆ. ಸ್ಟಾಪರ್ ಚೆಂಡಿಗೆ ಅಂಟಿಕೊಂಡು ಮುಂದೆ ಹೋಗಿದ್ದರೆ ಅವನ ಬೆನ್ನ ಹಿಂದಿನಿಂದ ಹೋಗಿ. ಪೋಸ್ಟಿನ ತನಕ ಓಡಬೇಡಿ, ಪೋಸ್ಟಿನಿಂದ ಹೊರಕ್ಕೆ ಎರಡು ಹೆಜ್ಜೆ ಜಾಗ ಇಟ್ಟುಕೊಂಡು ಚೆಂಡಿಗೆ ಎದುರಾಗಿ ಬನ್ನಿ. ಹೆಡ್ ಹೊಡೆದರೆ ಕೆಳಕ್ಕೆ, ನೆಲಕ್ಕೆ ಬಡಿಯುವಂತೆ.

ಮೂರನೆಯದು ನಿಲ್ಲುವುದು. ಎರಡೂ ಸ್ಟಾಪರ್‌ಗಳು ಗಾಬರಿಯಿಂದ ಗೋಲಿನತ್ತ ಓಡುತ್ತಿದ್ದರೆ ನೀವು ನಾಲ್ಕು ಹೆಜ್ಜೆ ಅವರ ಜೊತೆ ಓಡಿ ಪೆನಾಲ್ಟಿ ಗುರುತಿನ ಹತ್ತಿರ ಬ್ರೇಕ್ ಹಾಕಿ. ಇದು ಕಲಿಸಲು ಎಲ್ಲಕ್ಕಿಂತ ಕಷ್ಟ, ಓಡಬೇಕೆಂಬ ಹುರುಪಿನ ಹುಡುಗನಿಗೆ ನಿಲ್ಲು ಎಂದರೆ ಆಗುವುದಿಲ್ಲ. ಆದರೂ ಕಲಿಸಿ.

ಆಯ್ಕೆಯನ್ನು ಮೊದಲೇ ಮನಸ್ಸಿನಲ್ಲಿ ಮಾಡಿಕೊಂಡು ಬಂದವನ ಓಟ ಸ್ಟಾಪರ್‌ಗೆ ಬೇಗ ಗೊತ್ತಾಗುತ್ತದೆ. ಅವನ ಸೊಂಟ ನೋಡಿ. ಸೊಂಟ ಎತ್ತ ತಿರುಗಿದೆಯೋ ಅದರ ಉಲ್ಟಾ ಬದಿಗೆ ಹೋದರೆ ಅವನು ತಿರುಗಿ ಬರಲು ಒಂದು ಹೆಜ್ಜೆ ಹೆಚ್ಚು ಬೇಕು. ಹೆಚ್ಚಿನ ಗೋಲುಗಳು ಆ ಒಂದು ಹೆಜ್ಜೆಯಲ್ಲಿ ಬರುತ್ತವೆ. ಎತ್ತರ ಕಡಿಮೆ ಎಂದು ಹಿಂದೆ ಸರಿಯುವ ಹುಡುಗರಿಗೆ ಸುನಿಲ್ ಛೇತ್ರಿಯನ್ನು ತೋರಿಸಿ. ಎತ್ತರದ ಆಟಗಾರರೇನಲ್ಲ, ಆದರೂ ಭಾರತಕ್ಕೂ ಬೆಂಗಳೂರು ಎಫ್‌ಸಿಗೂ ಹೆಡ್‌ನಿಂದ ಗೋಲು ತಂದುಕೊಟ್ಟಿದ್ದಾರೆ.

## ಹಂತ 7: ಕ್ರಾಸ್ ಬರಲಿಲ್ಲ, ಈಗೇನು?

ವಿಂಗರ್ ದೊಡ್ಡ ಟಚ್ ಕೊಟ್ಟ, ನೀವು ಹೊರಟಿರಿ, ಅಷ್ಟರಲ್ಲಿ ಡಿಫೆಂಡರ್ ಅಡ್ಡ ಬಂದ, ಕ್ರಾಸ್ ನಿಂತಿತು. ಪಂದ್ಯದಲ್ಲಿ ಇದು ಪದೇ ಪದೇ ಆಗುತ್ತದೆ. ಅಲ್ಲೇ ನಿಂತು ಕೈ ಚೆಲ್ಲುವುದು ದೊಡ್ಡ ತಪ್ಪು.

1. ಕೂಡಲೇ ತಿರುಗಿ ಆಫ್‌ಸೈಡಿನಿಂದ ಹೊರಗೆ ಬನ್ನಿ. ಓಡಿ ಬನ್ನಿ, ನಡೆದು ಬರಬೇಡಿ.

2. ವಿಂಗರ್ ಗೋಲ್ ಲೈನಿನ ತನಕ ಹೋಗಲು ಹೊರಟಿದ್ದರೆ ಡಿಫೆನ್ಸ್ ಗೋಲಿನ ಬಾಯಿಗೆ ಇಳಿಯುತ್ತದೆ. ನೀವು ಅದರ ಉಲ್ಟಾ, ಪೆನಾಲ್ಟಿ ಗುರುತಿನ ಕಡೆಗೆ ಹಿಂದೆ ಸರಿಯಿರಿ. ಅಲ್ಲಿಗೆ ಬರುವುದು ಹಿಂದಕ್ಕೆಳೆದ ತಗ್ಗಿನ ಪಾಸ್, ಕಟ್‌ಬ್ಯಾಕ್. ನೀವು ಚೆಂಡಿಗಿಂತ ಹಿಂದೆ ಇದ್ದರೆ ಆಫ್‌ಸೈಡಿನ ಭಯವೂ ಇಲ್ಲ.

3. ಚೆಂಡು ಹಿಂದಕ್ಕೆ ಫುಲ್‌ಬ್ಯಾಕ್‌ಗೆ ಹೋದರೆ ಮತ್ತೆ ಸ್ಟಾಪರ್‌ನ ಬೆನ್ನು ಹಿಡಿಯಿರಿ. ಡಿಫೆನ್ಸ್ ಮೇಲೇರಲು ಹೊರಟ ಗಳಿಗೆ ಅದು. ಇನ್ನೊಂದು ಅರ್ಲಿ ಕ್ರಾಸಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

## ಹಂತ 8: ತಾಲೀಮು ಕಟ್ಟುವ ಕ್ರಮ

ಮೈ ಕಾಯಿಸಲು ಹದಿನೈದು ನಿಮಿಷ. ಬಾಗಿದ ಓಟದಲ್ಲಿ ತೊಡೆಯ ಹಿಂಭಾಗಕ್ಕೆ ಭಾರ ಬೀಳುತ್ತದೆ, ತಣ್ಣಗಿನ ಮೈಯಲ್ಲಿ ಮಾಡಬೇಡಿ.

ಮೊದಲು ಚೆಂಡಿಲ್ಲದೆ. ವಿಂಗರ್ ಕ್ರಾಸ್ ಹೊಡೆದಂತೆ ನಟಿಸುತ್ತಾನೆ, ಸ್ಟ್ರೈಕರ್ ದೊಡ್ಡ ಟಚ್ಚಿನ ಗುರುತು ನೋಡಿ ಓಡುತ್ತಾನೆ. ನಗು ಬರುತ್ತದೆ, ಬರಲಿ. ಕಣ್ಣು ಏನನ್ನು ನೋಡಬೇಕೆಂದು ಕಲಿಯುವುದು ಇಲ್ಲೇ.

ಆಮೇಲೆ ಚೆಂಡು, ಡಿಫೆಂಡರ್ ಇಲ್ಲ. ವಿಂಗರ್‌ಗೆ ಎರಡೇ ಟಚ್: ಒಂದು ತಳ್ಳಲು, ಒಂದು ಹೊಡೆಯಲು. ಮೂರನೇ ಟಚ್ ಆದರೆ ಆ ಸುತ್ತು ರದ್ದು. ಎರಡು ಟಚ್ಚಿನ ಈ ಕಟ್ಟುಪಾಡು ಇಲ್ಲದಿದ್ದರೆ ಹುಡುಗರು ಮತ್ತೆ ಕಾರ್ನರ್ ಬಾವುಟದ ಕಡೆಗೇ ಹೋಗುತ್ತಾರೆ.

ನಂತರ ಒಬ್ಬ ಸ್ಟಾಪರ್, ಜೊತೆಗೆ ಓಡಬೇಕು, ಚೆಂಡು ಮುಟ್ಟಬಾರದು. ಸ್ಟ್ರೈಕರ್ ಸೊಂಟ ಓದಲು ಕಲಿಯುವುದು ಈಗ. ಅದು ಕೂತ ಮೇಲೆ ಇಬ್ಬರು ಸ್ಟಾಪರ್, ಗೋಲಿ, ನಿಜವಾದ ಪೈಪೋಟಿ. ಈ ಹೊತ್ತಿಗೆ ಇನ್ನೊಬ್ಬ ಫಾರ್ವರ್ಡ್‌ನನ್ನೂ ಸೇರಿಸಿ. ಒಬ್ಬ ಫಸ್ಟ್ ಪೋಸ್ಟಿಗೆ ಹೋದರೆ ಮತ್ತೊಬ್ಬ ಸೆಕೆಂಡ್ ಪೋಸ್ಟಿಗೆ. ಯಾರು ಎಲ್ಲಿಗೆ ಎಂಬುದನ್ನು ಮುಂದೆ ಇರುವವ ತೀರ್ಮಾನಿಸುತ್ತಾನೆ, ಹಿಂದಿನವ ನೋಡಿ ಹೊಂದಿಕೊಳ್ಳುತ್ತಾನೆ.

ಕೊನೆಗೆ ಪಂದ್ಯದ ರೂಪ, ಒಂದು ನಿಯಮದೊಂದಿಗೆ: ಹಂತ 2ರ ಚೌಕದಿಂದ ಹಾಕಿದ ಕ್ರಾಸಿಗೆ ಬಂದ ಗೋಲಿಗೆ ಎರಡು ಅಂಕ.

## ತಪ್ಪು ಯಾರದ್ದು?

ಗೋಲು ಆಗದಾಗ ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತಾರೆ. ಮೊಬೈಲ್ ಹಿಡಿದ ಹುಡುಗನನ್ನು ಡಿಫೆನ್ಸ್ ಗೆರೆಯ ನೇರಕ್ಕೆ ಸೈಡ್ ಲೈನಿನ ಹೊರಗೆ ನಿಲ್ಲಿಸಿ, ಸ್ಲೋ ಮೋಷನ್‌ನಲ್ಲಿ ತೆಗೆಸಿ. ಕಾಲು ಚೆಂಡಿಗೆ ತಗುಲಿದ ಚಿತ್ರದಲ್ಲಿ ವಿಡಿಯೊ ನಿಲ್ಲಿಸಿ ಸ್ಟ್ರೈಕರ್ ಎಲ್ಲಿದ್ದಾನೆ ನೋಡಿ.

ಗೆರೆ ದಾಟಿ ಮುಂದಿದ್ದರೆ ಅವನು ಬೇಗ ಹೊರಟಿದ್ದಾನೆ. ಚೆಂಡು ಅವನ ಬೆನ್ನ ಹಿಂದೆ ಬೀಳುತ್ತಿರುವುದಕ್ಕೂ ಅದೇ ಕಾರಣ. ಗೆರೆಯ ಮೇಲಿದ್ದೂ ಚೆಂಡು ಹಿಂದೆ ಬಿದ್ದರೆ ಕ್ರಾಸ್ ಗಿಡ್ಡ. ಗೆರೆಯ ಮೇಲೆ ನಿಂತೇ ಇದ್ದು ಚೆಂಡು ಮುಂದೆ ಹೋದರೆ ಅಡ್ಡ ಚಲಿಸದೆ ಕಾದಿದ್ದಾನೆ, ಐದನೇ ಹಂತಕ್ಕೆ ವಾಪಸ್. ಸರಿಯಾಗಿ ಹೊರಟು, ವೇಗವೂ ಇದ್ದು, ಮತ್ತೂ ಸಿಗದಿದ್ದರೆ ಚೆಂಡು ಗೋಲಿಯ ಪಾಲಿನ ಜಾಗಕ್ಕೆ ಹೋಗಿದೆ, ವಿಂಗರ್ ಗುರಿ ಹಿಂದಕ್ಕೆ ತರಬೇಕು.

ಇನ್ನೊಂದು ಲಕ್ಷಣ ಕಣ್ಣಿಗೇ ಕಾಣುತ್ತದೆ: ಪಂದ್ಯದುದ್ದಕ್ಕೂ ಸ್ಟ್ರೈಕರ್ ಗೋಲಿಗೆ ಬೆನ್ನು ಹಾಕಿಯೇ ಚೆಂಡು ಪಡೆಯುತ್ತಿದ್ದಾನೆ ಎಂದಾದರೆ ತಂಡ ಕ್ರಾಸ್ ತಡ ಮಾಡುತ್ತಿದೆ. ಅವನನ್ನು ಬದಲಿಸುವ ಮೊದಲು ವಿಂಗರ್‌ನೊಂದಿಗೆ ಮಾತಾಡಿ.

## ಕೂಡಲೇ ನಿಲ್ಲಿಸಬೇಕಾದ ಲಕ್ಷಣಗಳು

ಹೆಡ್ ಹೊಡೆದ ಮೇಲೆ ಅಥವಾ ತಲೆಗೆ ತಲೆ ಬಡಿದ ಮೇಲೆ ತಲೆನೋವು, ವಾಂತಿ, ಕಣ್ಣು ಮಂಜು, ತಲೆಸುತ್ತು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ: ಇವುಗಳಲ್ಲಿ ಒಂದು ಕಂಡರೂ ಆಟ ನಿಲ್ಲಿಸಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. “ಏನೂ ಆಗಿಲ್ಲ ಸರ್” ಎಂದು ಹುಡುಗ ಹೇಳಿದರೂ ಅದೇ ದಿನ ಮತ್ತೆ ಇಳಿಸಬೇಡಿ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ 10 ವರ್ಷ ಮತ್ತು ಅದಕ್ಕಿಂತ ಸಣ್ಣ ಮಕ್ಕಳಿಗೆ ಹೆಡಿಂಗ್ ಬೇಡವೆಂದು ನಿಯಮ ಮಾಡಿತು. ನೀವೂ ಸಣ್ಣ ಮಕ್ಕಳಿಗೆ ಇದೇ ತಾಲೀಮನ್ನು ಕೈಯಿಂದ ಹಿಡಿಯುವಂತೆ ಮಾಡಿಸಿ. ಓಟದ ಸಮಯ ಕಲಿಯಲು ಅಷ್ಟು ಸಾಕು. ದೊಡ್ಡವರಿಗೂ ಒಂದೇ ದಿನ ಬೇಕಾಬಿಟ್ಟಿ ಹೆಡ್ ಹೊಡೆಸಬೇಡಿ.

ತೊಡೆಯ ಹಿಂದೆ ಚಕ್ಕನೆ ಎಳೆದಂತಾದರೆ ಅಲ್ಲಿಗೆ ಓಟ ಬಂದ್. ವಿಂಗರ್‌ಗೆ ತೊಡೆಸಂದಿಯಲ್ಲಿ ನೋವು ಶುರುವಾದರೆ ಕ್ರಾಸುಗಳ ಸಂಖ್ಯೆ ಮಿತಿ ಮೀರಿದೆ ಎಂದು ಅರ್ಥ.

## ಪಂದ್ಯದ ದಿನ

ಟಾಸ್‌ಗೆ ಮೊದಲು ಹಿಡಿ ಒಣ ಹುಲ್ಲು ಕಿತ್ತು ಮೇಲಕ್ಕೆ ತೂರಿ, ಗಾಳಿ ಎತ್ತಲಿಂದ ಎಂದು ವಿಂಗರ್, ಸ್ಟ್ರೈಕರ್ ಇಬ್ಬರೂ ನೋಡಲಿ. ಎರಡೂ ಬದಿಯಿಂದ ನಾಲ್ಕು ನಾಲ್ಕು ಕ್ರಾಸ್ ಹಾಕಿ ಚೆಂಡು ಎಲ್ಲಿ ಬೀಳುತ್ತದೆ, ಎಷ್ಟು ಪುಟಿಯುತ್ತದೆ ತಿಳಿದುಕೊಳ್ಳಿ. ಮೊದಲ ಹತ್ತು ನಿಮಿಷದೊಳಗೆ ಒಂದಾದರೂ ಅರ್ಲಿ ಕ್ರಾಸ್ ಹಾಕಿಸಿ, ಸ್ಟಾಪರ್‌ಗಳು ಎಷ್ಟು ಮೇಲೆ ನಿಲ್ಲುತ್ತಾರೆ, ಗೋಲಿ ಹೊರಗೆ ಬರುವವನೋ ಅಲ್ಲವೋ ಎಂದು ಅದರಲ್ಲೇ ಗೊತ್ತಾಗುತ್ತದೆ. ಅವರು ಹೆದರಿ ಕೆಳಗಿಳಿದು ನಿಂತರೆ ಅರ್ಲಿ ಕ್ರಾಸ್ ಬಿಟ್ಟು ಬಾಕ್ಸಿನ ಮುಂದೆ ತೆರೆದ ಜಾಗಕ್ಕೆ ಪಾಸ್ ಆಡಿ. ಮೇಲೆ ಬಂದರೆ ಮತ್ತೆ ಹಾಕಿ.

ಅರ್ಧ ಸಮಯದಲ್ಲಿ ಬದಿ ಬದಲಾದಾಗ ನಿಮ್ಮ ಬಲ ವಿಂಗರ್ ಗಾಳಿಯ ಇನ್ನೊಂದು ಮಗ್ಗುಲಿಗೆ ಬರುತ್ತಾನೆ. ಗುರಿ ಎಷ್ಟು ಬದಲಾಗಬೇಕೆಂದು ನೀರು ಕುಡಿಯುವ ಹೊತ್ತಿನಲ್ಲೇ ಅವನೂ ಸ್ಟ್ರೈಕರೂ ಮಾತಾಡಿಕೊಳ್ಳಲಿ.